ಆರು ವರ್ಷ ಓಡಿಸಿದ ಮೇಲೆ: ನಮ್ಮ ಮನೆಯ ಎಚ್‌ಓ ಡಿಜಿಟಲ್ ರೈಲು ಸೆಟ್

ಡಬ್ಬ ಬಿಚ್ಚಿದ ವಾರದಲ್ಲೇ ಬರೆದ ವಿಮರ್ಶೆಗಳನ್ನು ಓದಿ ನಾನು ಈ ಮಾದರಿ ರೈಲಿನ ಸೆಟ್ ತರಿಸಿದ್ದು. ಎಂಜಿನ್ ಎಷ್ಟು ಚೆಂದ ಇದೆ, ಲೈಟ್ ಹೇಗೆ ಉರಿಯುತ್ತದೆ ಅಂತ ಎಲ್ಲರೂ ಬರೆದಿದ್ದರು. ಮೂರನೇ ವರ್ಷದ ಮಳೆಗಾಲದಲ್ಲಿ ಅದರ ಗತಿ ಏನಾಗುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ. ಆ ಭಾಗ ನಾನು ಬರೆಯುತ್ತೇನೆ.

2019ರಲ್ಲಿ ಜರ್ಮನಿಯಲ್ಲಿರುವ ಭಾವ ರಜೆಗೆ ಬರುವಾಗ ತಂದುಕೊಟ್ಟ ಸ್ಟಾರ್ಟರ್ ಸೆಟ್ ಇದು. ನಾವಿರುವುದು ಹಾಸನದಲ್ಲಿ. ಕಂಪನಿಯ ಹೆಸರು ಹಾಕುತ್ತಿಲ್ಲ. ಮುಂದೆ ಒಂದೆರಡು ದೂರು ಬರುತ್ತವೆ, ನನ್ನ ಕೈಗೆ ಬಂದ ಒಂದು ಡಬ್ಬ ನೋಡಿ ಇಡೀ ಕಂಪನಿಯನ್ನು ಅಳೆಯುವುದು ಸರಿಯಲ್ಲ. ಯಾರು ಮಾಡಿದರೂ ಇಂಥ ಡಬ್ಬದಲ್ಲಿ ಇರುವುದು ಹೆಚ್ಚುಕಮ್ಮಿ ಇಷ್ಟೇ. ಒಂದು ಡೀಸೆಲ್ ಎಂಜಿನ್, ಮೂರು ಕೆಂಪು ಬೋಗಿ, ಒಂದು ಸುತ್ತಿಗಾಗುವಷ್ಟು ಹಳಿ, ಕಂಟ್ರೋಲರ್, ಅಡಾಪ್ಟರ್. ನನಗೆ ಬಿದ್ದದ್ದು ಸುಮಾರು 25 ಸಾವಿರ ರೂಪಾಯಿ.

ತರಿಸುವವರಿಗೆ ಮೊದಲೇ ಒಂದು ಮಾತು. ಯುರೋಪಿನ ಸೆಟ್ ಆದರೆ 230 ವೋಲ್ಟ್, ನಮ್ಮ ಮನೆಯ ಕರೆಂಟಿಗೆ ಸರಿಹೋಗುತ್ತದೆ. ಅಮೆರಿಕದಿಂದ ತರಿಸಿದರೆ ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದದೆ ಪ್ಲಗ್ ಚುಚ್ಚಬೇಡಿ. ಅಲ್ಲಿಯದು 120 ವೋಲ್ಟ್.

ಎಚ್‌ಓ ಅಂದರೆ ಅಸಲಿ ರೈಲಿನ 87ನೇ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿ.ಮೀ. ಜಾಗ. ಇದನ್ನು 87ರಿಂದ ಗುಣಿಸಿ ನೋಡಿ, 1435 ಮಿ.ಮೀ. ಬರುತ್ತದೆ, ಯುರೋಪಿನ ಹೆಚ್ಚಿನ ಅಸಲಿ ಹಳಿಗಳ ಅಗಲ ಅದೇ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅಂದರೆ ಲೆಕ್ಕದ ಪ್ರಕಾರ ನಮ್ಮ ರೈಲಿಗೆ 19.3 ಮಿ.ಮೀ. ಅಗಲದ ಹಳಿ ಬೇಕು. ಅದು ಅಂಗಡಿಯಲ್ಲಿ ಸಿಗಲ್ಲ. ಹಾಗಾಗಿ ಭಾರತದ ರೈಲಿನ ಮಾದರಿ ಮಾಡುವವರೆಲ್ಲ ಹಳಿಯ ವಿಷಯದಲ್ಲಿ ಸ್ವಲ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ನನ್ನ ಮೇಜಿನ ಮೇಲೆ ಓಡಬೇಕಾದ್ದು ನಮ್ಮ ಮೆಟ್ರೋ. ಅದು 1435ರದ್ದೇ.

ಮೊದಲ ತಿಂಗಳು ನೆಲದ ಮೇಲೆ ಹಳಿ ಹಾಕಿ ಓಡಿಸಿದೆವು. ಮಗಳು ಮೊದಲ ದಿನ ಕುಣಿದಾಡಿದಳು. ಎರಡನೇ ವಾರಕ್ಕೆ ‘ಅಪ್ಪ, ಇದು ಇನ್ನೂ ಸುತ್ತುತ್ತಾನೇ ಇದೆ’ ಅಂದಳು. ಅವಳು ಹೇಳಿದ್ದು ಸರಿ. ಸುಮ್ನೆ ಸುತ್ತುವ ರೈಲಿಗೂ ಸೀಲಿಂಗ್ ಫ್ಯಾನಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಜೊತೆಗೆ ನೆಲದ ಕೂದಲು, ದಾರದ ಎಳೆ ಎಲ್ಲ ಎಂಜಿನ್ನಿನ ಗೇರಿಗೆ ಸುತ್ತಿಕೊಂಡವು. ಚಿಮಟದಲ್ಲಿ ಎಳೆ ಎಳೆಯಾಗಿ ತೆಗೆಯುತ್ತಾ ಕೂತಿದ್ದ ಒಂದು ಭಾನುವಾರ ಮೇಜು ಮಾಡಿಸುವ ನಿರ್ಧಾರ ಆಯಿತು.

ಮೇಜಿನಲ್ಲಿ ಎರಡು ತಪ್ಪು ಮಾಡಿದೆ. ಎರಡೂ ನನ್ನದೇ. 8 ಅಡಿ 4 ಅಡಿಯ 18 ಮಿ.ಮೀ. ಪ್ಲೈ ತಂದೆ, ಅದು ಈಗಲೂ ಗಟ್ಟಿಯಾಗಿದೆ. ಕೆಳಗಿನ ಚೌಕಟ್ಟಿಗೆ ಮಾತ್ರ ಅಗ್ಗ ಅಂತ ಸಿಲ್ವರ್ ಓಕ್ ಹಾಕಿಸಿದೆ. ಕಾಫಿ ತೋಟದಿಂದ ಕಡಿದು ತಂದ ಹಸಿ ಮರ. ಬಡಗಿ ‘ಆರು ತಿಂಗಳು ಒಣಗಲಿ ಸಾರ್’ ಅಂದರೂ ಕೇಳಲಿಲ್ಲ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಚೌಕಟ್ಟು ಒಂದು ಮೂಲೆಯಲ್ಲಿ ತಿರುಚಿಕೊಂಡಿತ್ತು, ಪ್ಲೈಯನ್ನೂ ಎತ್ತಿತ್ತು. ಅಲ್ಲಿ ಪ್ರತಿ ಸುತ್ತಿಗೂ ಬೋಗಿ ಹಳಿ ತಪ್ಪುತ್ತಿತ್ತು. ಇನ್ನೊಂದು ತಪ್ಪು, ಮೇಜನ್ನು ಗೋಡೆಗೆ ಒತ್ತಿ ಇಟ್ಟದ್ದು. ನಿಂತ ಕಡೆಯಿಂದ ಕೈ ಚಾಚಿದರೆ ಎರಡೂವರೆ ಅಡಿ ಮುಟ್ಟಬಹುದು, ಅಷ್ಟೇ. ರೈಲು ಬೀಳುವುದು ಮಾತ್ರ ಯಾವಾಗಲೂ ಆಚೆ ಬದಿಯಲ್ಲಿ. ಕಾಲುಗಳಿಗೆ ಬೀಗ ಹಾಕಬಹುದಾದ ಚಕ್ರ ಹಾಕಿಸಿದ ಮೇಲೆ ಆ ಕಷ್ಟ ತೀರಿತು.

ಆಮೇಲೆ ಘಟ್ಟದ ಹುಚ್ಚು ಹತ್ತಿತು. ಹಾಸನದವರಿಗೆ ಇದು ಹತ್ತದೇ ಇದ್ದರೇನೇ ಆಶ್ಚರ್ಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ದಾರಿ, 57 ಸುರಂಗ, 50ಕ್ಕೆ 1ರ ಇಳಿಜಾರು. ಅಂದರೆ 50 ಮೀಟರ್ ಹೋದರೆ 1 ಮೀಟರ್ ಇಳಿಯುತ್ತದೆ, ಶೇಕಡ 2. ಮನೆಯ ರೈಲಿಗೂ ಇದಕ್ಕಿಂತ ಕಡಿದಾದ ಏರು ಬೇಡ ಅಂತಲೇ ಅನುಭವಸ್ಥರು ಹೇಳುವುದು. ಇಲ್ಲೇ ನಾನು ಎಡವಿದ್ದು. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಿಸಬೇಕಾದರೆ ಸುಮಾರು 7 ಸೆಂ.ಮೀ. ಎತ್ತರ ಬೇಕು. 50ಕ್ಕೆ 1ರ ಲೆಕ್ಕದಲ್ಲಿ ಅಷ್ಟು ಏರಲು ಮೂರೂವರೆ ಮೀಟರ್, ಇಳಿಯಲು ಇನ್ನು ಮೂರೂವರೆ ಮೀಟರ್. ನನ್ನ ಮೇಜಿನ ಇಡೀ ಸುತ್ತೇ ಆರು ಮೀಟರ್ ಇಲ್ಲ! ಹಠ ಬಿಡದೆ 25ಕ್ಕೆ 1ರ ಏರು ಮಾಡಿದೆ. ಎಂಜಿನ್ ಒಂದೇ ಇದ್ದರೆ ಏರುತ್ತಿತ್ತು. ಮೂರು ಬೋಗಿ ಕಟ್ಟಿದರೆ ಅರ್ಧದಲ್ಲಿ ಚಕ್ರ ಜಾರುತ್ತಾ ನಿಂತುಬಿಡುತ್ತಿತ್ತು.

ಕೊನೆಗೆ ಮೇಜಿನ ಮೇಲೇ ಘಟ್ಟ ಕಟ್ಟುವ ಆಸೆ ಬಿಟ್ಟು ಕೋಣೆಯ ಗೋಡೆಗೆ 30 ಸೆಂ.ಮೀ. ಅಗಲದ ಹಲಗೆ ಹೊಡೆದೆ. ಒಂದು ಗೋಡೆ 12 ಅಡಿ. ಅದರುದ್ದಕ್ಕೂ 50ಕ್ಕೆ 1ರಂತೆ ಏರಿದರೆ 7 ಸೆಂ.ಮೀ. ಆಗುತ್ತದೆ. ಮುಂದಿನ ಗೋಡೆಯಲ್ಲಿ ಸಮತಟ್ಟು, ಅಲ್ಲಿ ಒಂದು ಸ್ಟೇಷನ್. ಸ್ಟೇಷನ್ ಇರುವ ಕಡೆ ಒಂಚೂರೂ ಇಳಿಜಾರು ಇರಬಾರದು. ಬಿಟ್ಟ ವ್ಯಾಗನ್ ತಾನಾಗಿ ಹೊರಟು ಹೋಗುತ್ತದೆ, ಒಮ್ಮೆ ಹೋಗಿ ನೆಲಕ್ಕೆ ಬಿದ್ದಿದೆ. ಈಗ ಮೇಜು ನಮ್ಮ ಸುಬ್ರಹ್ಮಣ್ಯ ರೋಡ್, ಮೇಲಿನ ಹಲಗೆ ಘಟ್ಟದ ನಡುವಿನ ಸ್ಟೇಷನ್ ಎಡಕುಮರಿ. 57 ಸುರಂಗದ ಜಾಗದಲ್ಲಿ ಎರಡು. ಥರ್ಮಾಕೋಲ್, ಹಳೆ ಪೇಪರು, ಪ್ಲಾಸ್ಟರ್ ಆಫ್ ಪ್ಯಾರಿಸ್. ಮರಗಳೆಲ್ಲ ಒಣಗಿದ ಕಾಫಿ ಗಿಡದ ರೆಂಬೆ. ಜಲ್ಲಿ ಅಂದರೆ ಜರಡಿ ಹಿಡಿದ ಮರಳು. ಅದನ್ನು ಅಂಟಿಸುವುದು ಅರ್ಧ ಫೆವಿಕಾಲ್, ಅರ್ಧ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಆ ತೊಟ್ಟು ಹಾಕದಿದ್ದರೆ ಅಂಟು ಮರಳಿನೊಳಗೆ ಇಳಿಯುವುದಿಲ್ಲ, ಮೇಲೆ ಮುತ್ತಿನ ಹಾಗೆ ನಿಲ್ಲುತ್ತದೆ.

ಸುರಂಗ ಕಟ್ಟುವವರು ಹಿಂದುಗಡೆ ಕೈ ಹೋಗುವಷ್ಟು ಕಿಂಡಿ ಬಿಡಿ. ನಾನು ಬಿಟ್ಟಿರಲಿಲ್ಲ. ಎಂಜಿನ್ ಒಳಗೆ ನಿಂತುಬಿಟ್ಟಿತು, ಕೊಡೆ ಹಿಡಿಕೆಯಲ್ಲಿ ಎಳೆದು ತೆಗೆದೆ. ಕೊನೆಗೆ ಗರಗಸ ಹಾಕಿ ಕಿಂಡಿ ಕೊರೆದಾಗ ಒಳಗೆ ಹಲ್ಲಿ ಮೊಟ್ಟೆ.

ಈಗ ಧೂಳು. ಆರು ವರ್ಷದಲ್ಲಿ ನನ್ನ ಹೆಚ್ಚಿನ ಸಮಯ ತಿಂದದ್ದು ಇದೇ. ಈ ರೈಲಿಗೆ ಕರೆಂಟ್ ಬರುವುದು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಒಳಗಿನ ಸರ್ಕ್ಯೂಟಿಗೆ. ಚಕ್ರ ಹಳಿಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿನಷ್ಟೂ ಇಲ್ಲ. ಅಲ್ಲಿ ಜಿಡ್ಡು ಕೂತರೆ ಎಂಜಿನ್ ಬಿಕ್ಕಳಿಸುತ್ತದೆ, ಲೈಟ್ ಮಿಣಮಿಣ ಅನ್ನುತ್ತದೆ, ನಿಲ್ಲುತ್ತದೆ. ನಮ್ಮ ರೈಲು ಕೋಣೆಯ ಪಕ್ಕವೇ ದೇವರ ಮನೆ, ಅದರಾಚೆ ಅಡುಗೆ ಮನೆ. ಶುಕ್ರವಾರದ ಸಾಂಬ್ರಾಣಿ ಹೊಗೆ, ದಿನದ ಒಗ್ಗರಣೆ ಎರಡೂ ಹಳಿಯ ಮೇಲೆ ಬಂದು ಕೂರುತ್ತವೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಾಡಿಗೆ ತೆಗೆದ ಹಾಗೆ ಕಪ್ಪು.

ಮೊದಲು ಎಮರಿ ಪೇಪರಿನಲ್ಲಿ ಉಜ್ಜಿದೆ. ಆ ದಿನ ಮಿಂಚಿತು. ಆದರೆ ಉಜ್ಜಿದ ಗೀರುಗಳಲ್ಲೇ ಕೊಳೆ ಇನ್ನೂ ಬೇಗ ಕೂರುತ್ತದೆ. ಈಗ ಬರೀ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಬನಿಯನ್ ಬಟ್ಟೆ. ತಿಂಗಳಿಗೊಮ್ಮೆ ಎಂಜಿನ್ನಿನ ಚಕ್ರಕ್ಕೂ ಅದೇ. ಓಡಿಸದ ದಿನ ಮೇಜಿನ ಮೇಲೆ ಹಳೆ ಕಾಟನ್ ಸೀರೆ. ಪ್ಲಾಸ್ಟಿಕ್ ಹೊದಿಸಬೇಡಿ, ಮಳೆಗಾಲದಲ್ಲಿ ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಸೆಟ್‌ನಲ್ಲಿ ಬಂದ ನಿಕ್ಕಲ್ ಸಿಲ್ವರ್ ಹಳಿ ಹಾಸನದ ಮಳೆಗೆ ಜಗ್ಗಿಲ್ಲ, ಅದಕ್ಕೆ ಪೂರ್ತಿ ಅಂಕ. ಹೆಸರಲ್ಲಿ ಬೆಳ್ಳಿ ಇದೆ, ಒಳಗೆ ಇರುವುದು ತಾಮ್ರ, ನಿಕ್ಕಲ್, ಸತು. ಅಗ್ಗಕ್ಕೆ ಸಿಕ್ಕಿತು ಅಂತ ಒಂದಷ್ಟು ಹಿತ್ತಾಳೆ ಹಳಿ ಸೇರಿಸಿದ್ದೆ. ಅದು ಕಪ್ಪಾದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ. ಎರಡೇ ವರ್ಷಕ್ಕೆ ಕಿತ್ತು ಹಾಕಿದೆ.

ಎಣ್ಣೆ ವಿಷಯದಲ್ಲೂ ಧಾರಾಳ ಬೇಡ. ಹೊಲಿಗೆ ಯಂತ್ರದ ಎಣ್ಣೆ ಸುರಿದು ನಾನೇ ಇಡೀ ಹಳಿಯನ್ನು ಜಾರುಬಂಡೆ ಮಾಡಿದ್ದೆ. ಸೂಜಿ ಮೊನೆಯಲ್ಲಿ ಒಂದು ಹನಿ, ಅದೂ ಪ್ಲಾಸ್ಟಿಕ್‌ಗೆ ತೊಂದರೆ ಕೊಡದ ಎಣ್ಣೆ. ಎಂಜಿನ್ನಿನ ಎರಡು ಚಕ್ರಕ್ಕೆ ಹಿಡಿತಕ್ಕಾಗಿ ರಬ್ಬರ್ ಬಳೆ ಇರುತ್ತದೆ. ನಾಲ್ಕನೇ ವರ್ಷ ಅದು ಗಟ್ಟಿಯಾಗಿ ಬಿರುಕುಬಿಟ್ಟಿತು, ಬದಲಿಸಿದೆ. ಮೋಟರ್, ಗೇರ್ ಇವತ್ತಿಗೂ ಮೊದಲಿನ ಹಾಗೇ ಇವೆ.

ಕಂಟ್ರೋಲರ್ ಬಗ್ಗೆ ಅಷ್ಟು ಒಳ್ಳೆಯ ಮಾತಿಲ್ಲ. ಈ ಸೆಟ್ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್ ಪದ್ಧತಿಯದು. ಹಳಿಯಲ್ಲಿ ಕರೆಂಟ್ ಯಾವಾಗಲೂ ಇರುತ್ತದೆ, ಅದರ ಜೊತೆಯಲ್ಲೇ ಆದೇಶವೂ ಹೋಗುತ್ತದೆ. ಪ್ರತಿ ಎಂಜಿನ್ನಿಗೆ ಒಂದು ನಂಬರ್, ತನ್ನ ನಂಬರಿನ ಆದೇಶಕ್ಕೆ ಮಾತ್ರ ಅದು ಓಗೊಡುತ್ತದೆ. ಹೊಸ ಎಂಜಿನ್ ಸಾಮಾನ್ಯವಾಗಿ 3ನೇ ನಂಬರಿನಲ್ಲೇ ಬರುತ್ತದೆ. ಇದು ಗೊತ್ತಿಲ್ಲದೆ ಎರಡನೇ ಎಂಜಿನ್ ಇಟ್ಟೆ, ಎರಡೂ ಒಟ್ಟಿಗೆ ಹೊರಟು ಒಂದು ಮೇಜಿನಂಚಿನಿಂದ ಹಾರಿತು. ಮೊದಲು ನಂಬರ್ ಬದಲಿಸಿ. ಆಮೇಲೆ ಸಿವಿ 3, ಸಿವಿ 4 ಅನ್ನುವ ಸೆಟ್ಟಿಂಗ್ ಜಾಸ್ತಿ ಮಾಡಿ. ರೈಲು ನಿಧಾನಕ್ಕೆ ವೇಗ ಹಿಡಿದು ನಿಧಾನಕ್ಕೆ ನಿಲ್ಲುತ್ತದೆ. ಆಗಲೇ ಅದು ಆಟಿಕೆಯಂತೆ ಕಾಣುವುದನ್ನು ಬಿಡುವುದು. ನಾನು ಏರಿನಲ್ಲಿ ಗಂಟೆಗೆ 30 ಕಿ.ಮೀ. ಲೆಕ್ಕ ಇಟ್ಟಿದ್ದೇನೆ. 87ರಲ್ಲಿ ಭಾಗಿಸಿದರೆ ಸೆಕೆಂಡಿಗೆ ಹತ್ತು ಸೆಂ.ಮೀ.ಗೂ ಸ್ವಲ್ಪ ಕಡಿಮೆ.

ಇಷ್ಟು ಚೆನ್ನಾಗಿದ್ದ ಕಂಟ್ರೋಲರ್ ಮೂರನೇ ವರ್ಷದ ಏಪ್ರಿಲ್‌ನಲ್ಲಿ, ಗುಡುಗು ಮಿಂಚಿನ ಒಂದು ಸಂಜೆ ಸುಟ್ಟಿತು. ಕಂಪನಿಗೆ ಬರೆದರೆ, ನಿಮ್ಮ ಖರ್ಚಿನಲ್ಲಿ ಜರ್ಮನಿಗೆ ಕಳಿಸಿ, ನೋಡುತ್ತೇವೆ ಎಂಬ ಉತ್ತರ. ಕಳಿಸುವ ಖರ್ಚಿಗೆ ಇನ್ನೊಂದು ಎಂಜಿನ್ ಬರುತ್ತಿತ್ತು. ಅದರ ಬದಲು ಆರ್ಡುಯಿನೊ ಮೆಗಾ ಅನ್ನುವ, ನಾವೇ ಪ್ರೋಗ್ರಾಂ ಹಾಕಬಹುದಾದ ಒಂದು ಸರ್ಕ್ಯೂಟ್ ಬೋರ್ಡು, ಹಳಿಗೆ ಕರೆಂಟ್ ಕೊಡಲು ಅದರ ಮೇಲೆ ಕೂರುವ ಮೋಟರ್ ಶೀಲ್ಡ್, ವೈಫೈಗೊಂದು ಚಿಕ್ಕ ಬೋರ್ಡು ತಂದು ಡಿಸಿಸಿ-ಇಎಕ್ಸ್ ಅನ್ನುವ ಉಚಿತ ತಂತ್ರಾಂಶ ಹಾಕಿದೆ. ಈಗ ಫೋನಿನಿಂದಲೇ ಓಡಿಸುತ್ತೇವೆ. ಒಂದು ವಾರಾಂತ್ಯ ತಲೆ ಕೆಡಿಸಿಕೊಳ್ಳಬೇಕಾಯಿತು ನಿಜ, ಆದರೆ ಕೆಟ್ಟರೆ ಬಿಡಿಭಾಗ ಬೆಂಗಳೂರಿನಲ್ಲೇ ಸಿಗುತ್ತದೆ. ಈಗ ಆಕಾಶ ಗುಡುಗಿದರೆ ಮೊದಲು ಪ್ಲಗ್ ಕೀಳುವುದು, ಆಮೇಲೆ ಮಹಡಿ ಮೇಲಿನ ಬಟ್ಟೆ ತರುವುದು.

ಇಷ್ಟೆಲ್ಲ ಆದರೂ ಸುತ್ತುವ ರೈಲಿನ ಬೇಸರ ಪೂರ್ತಿ ಹೋಗಿದ್ದು ಮಾವನಿಂದ. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಮೊದಲ ಸಲ ಬಂದಾಗ ಕೈಕಟ್ಟಿ ನೋಡುತ್ತಾ ನಿಂತಿದ್ದರು. ನಾನು ಕೆಳಗಿನಿಂದ ಗಾಡಿ ಬಿಟ್ಟ ತಕ್ಷಣ, ‘ಲೈನ್ ಕ್ಲಿಯರ್ ಯಾರು ಕೊಟ್ರು?’ ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ಲೈನ್ ಕ್ಲಿಯರ್ ಅಂದರೆ ಗಾಡಿ ಬಿಡಲು ಮುಂದಿನ ಸ್ಟೇಷನ್ ಕೊಡುವ ಒಪ್ಪಿಗೆ. ಒಂಟಿ ಹಳಿಯಲ್ಲಿ ಎದುರುಬದುರು ಗಾಡಿ ಬರದಿರಲು ಅವರ ಕಾಲದಲ್ಲಿ ನೀಲ್ಸ್ ಬಾಲ್ ಟೋಕನ್ ಯಂತ್ರ ಇತ್ತಂತೆ. ಎರಡೂ ಸ್ಟೇಷನ್ ಒಪ್ಪಿದರೆ ಮಾತ್ರ ಯಂತ್ರದಿಂದ ಲೋಹದ ಚೆಂಡು ಹೊರಬರುತ್ತದೆ, ಅದು ಕೈಯಲ್ಲಿದ್ದರೆ ಮಾತ್ರ ಡ್ರೈವರ್ ಹೊರಡಬಹುದು. ನಮ್ಮಲ್ಲಿ ಚೆಂಡಿನ ಬದಲು ಒಂದು ಹಸಿರು ಗೋಲಿ. ಎಡಕುಮರಿಯಲ್ಲಿ ಮಾವ, ಕೆಳಗೆ ನಾನು, ಗೋಲಿ ಒಯ್ಯುವುದು ಮಗಳು. ಹಳೇ ಲಗ್ನಪತ್ರಿಕೆ ಕತ್ತರಿಸಿ ಪ್ರತಿ ವ್ಯಾಗನ್ನಿಗೂ ಒಂದು ಚೀಟಿ ಮಾಡಿದ್ದೇವೆ. ಯಾವುದು ಎಲ್ಲಿಗೆ, ಏನು ಹೊತ್ತು ಅಂತ. ಗೊಬ್ಬರ ಮೇಲಕ್ಕೆ, ಅದಿರು ಕೆಳಕ್ಕೆ. ಏಳು ವ್ಯಾಗನ್ ಕಟ್ಟಿದರೆ ಒಂದು ಎಂಜಿನ್ ಸಾಲಲ್ಲ, ಅಸಲಿ ಘಟ್ಟದ ಹಾಗೆ ಹಿಂದಿನಿಂದ ತಳ್ಳಲು ಇನ್ನೊಂದು ಬೇಕು. ಹಿಂದಿನದು ಸ್ವಲ್ಪ ಜೋರಾದರೆ ತಿರುವಿನಲ್ಲಿ ಮಧ್ಯದ ಖಾಲಿ ವ್ಯಾಗನ್ ಹಳಿ ಬಿಟ್ಟು ಎದ್ದುಬಿಡುತ್ತದೆ. ಮಾವ ಅಲ್ಲೇ ಶಂಟಿಂಗ್ ಮಾಡಿಸಿ ವ್ಯಾಗನ್‌ಗಳ ಜಾಗ ಬದಲಿಸಿದರು. ಅಷ್ಟು ಗಾಡಿ ಜೋಡಿಸಿ ಮೇಲೆ ತಲುಪಿಸಲು ನಲವತ್ತು ನಿಮಿಷ ಹಿಡಿಯುತ್ತದೆ. ಒಂದು ದಿನವೂ ಬೇಸರ ಬಂದಿಲ್ಲ.

ಇನ್ನೊಮ್ಮೆ ಕೊಳ್ಳುವುದಾದರೆ ಈ ಸೆಟ್ ಕೊಳ್ಳುವುದಿಲ್ಲ. ಒಂದು ಒಳ್ಳೆ ಎಂಜಿನ್, ಎಂಟು ಚಿಕ್ಕ ವ್ಯಾಗನ್, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ನಾಲ್ಕು ಪಾಯಿಂಟ್, ಬಗ್ಗಿಸಬಹುದಾದ ಉದ್ದ ಹಳಿ ಬಿಡಿಬಿಡಿಯಾಗಿ ತರಿಸುತ್ತೇನೆ. ಸೆಟ್‌ನ ತಿರುವು 42 ಸೆಂ.ಮೀ. ತ್ರಿಜ್ಯದ್ದು. ನಮ್ಮ ಬ್ರಾಡ್‌ಗೇಜಿನ 175 ಮೀಟರಿನ ಕಡಿದಾದ ತಿರುವನ್ನು ಈ ಅಳತೆಗೆ ಇಳಿಸಿದರೂ 2 ಮೀಟರ್ ಬೇಕು. 42 ಸೆಂ.ಮೀ.ಯ ಇಕ್ಕಟ್ಟಿನಲ್ಲಿ ಉದ್ದ ಬೋಗಿ ಓಡಿಸಿದರೆ ಅದರ ಮೂಲೆ ಸುರಂಗದ ಬಾಯಿಗೆ ಉಜ್ಜುತ್ತದೆ. ಹಾಗಾಗಿ ಆ ಮೂರು ಕೆಂಪು ಬೋಗಿ ಎರಡು ವರ್ಷದಿಂದ ಡಬ್ಬದಲ್ಲೇ ಇವೆ. ಯಾರಿಗಾದರೂ ಮಾರೋಣ ಅಂದೆ. ಮಾವ ಒಪ್ಪುತ್ತಿಲ್ಲ. ‘ಅಲ್ಲ ಅಳಿಯಂದ್ರೇ, ಚಂಪಾಷಷ್ಠಿಗೆ ಸ್ಪೆಷಲ್ ಬಿಡಬೇಕಾದ್ರೆ ರೇಕ್ ಎಲ್ಲಿಂದ ತರ್ತೀರಿ?’