ಬೆಂಗೇರಿಯ ಖಾದಿ ಬಾವುಟ: ಒಂದು ವರ್ಷದ ಬಳಕೆಯ ನಂತರ

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಟ್ಟಡದ ಅಂಗಳದಲ್ಲಿ ಸುಮಾರು 20 ಅಡಿ ಎತ್ತರದ ಧ್ವಜಸ್ತಂಭವಿದೆ. ಅದರ ಮೇಲೆ ಕಳೆದ ಒಂದು ವರ್ಷದಿಂದ ಹಾರುತ್ತಿರುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾದ ಖಾದಿಯ ರಾಷ್ಟ್ರಧ್ವಜ. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಅದನ್ನು ಆರಿಸಿ ತಂದವನು ನಾನೇ ಆದ್ದರಿಂದ, ಶಾಲೆಗೋ ಸಂಘಕ್ಕೋ ಮನೆಗೋ ಬಾವುಟ ಕೊಳ್ಳಬೇಕೆಂದಿರುವವರಿಗೆ ನನ್ನ ಅನುಭವ ಉಪಯೋಗವಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನಮ್ಮಲ್ಲಿದ್ದದ್ದು ಅಂಗಡಿಯೊಂದರಿಂದ ಅವಸರದಲ್ಲಿ ತಂದ ಪಾಲಿಯೆಸ್ಟರ್ ಬಾವುಟ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ, ಅಂದರೆ ರಾಷ್ಟ್ರಧ್ವಜದ ಬಳಕೆಯ ನಿಯಮಗಳಿಗೆ, ಆದ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಅವಕಾಶವಿದೆ. ಆದ್ದರಿಂದ ಬಟ್ಟೆಯ ಬಗ್ಗೆ ನಾನು ಆಕ್ಷೇಪ ಎತ್ತಲಾರೆ. ಆದರೆ ಆ ಬಾವುಟದ ಚಕ್ರವು ಬಿಳಿ ಪಟ್ಟಿಯ ನಡುವಿನಿಂದ ಒಂದು ಬದಿಗೆ ಸರಿದಿತ್ತು, ಉದ್ದ ಮತ್ತು ಅಗಲದ ಪ್ರಮಾಣ 3:2 ಇರಲಿಲ್ಲ, ಹಿಂಬದಿಯಲ್ಲಿ ಚಕ್ರವು ಮಸುಕಾದ ನೆರಳಿನಂತೆ ಮಾತ್ರ ಕಾಣುತ್ತಿತ್ತು. ಗಣರಾಜ್ಯೋತ್ಸವದ ದಿನ ಇಬ್ಬರು ಮಕ್ಕಳು ಚಕ್ರದ ಗೆರೆಗಳನ್ನು ಎಣಿಸಿ, 24 ಇರಬೇಕಾದಲ್ಲಿ 22 ಇವೆಯೆಂದು ಎಲ್ಲರ ಮುಂದೆ ಹೇಳಿದಾಗ ನನಗೆ ತಲೆ ತಗ್ಗಿಸುವಂತಾಯಿತು. ಕೊಳ್ಳುವಾಗ ನಾನು ಒಮ್ಮೆಯೂ ಎಣಿಸಿ ನೋಡಿರಲಿಲ್ಲ.

ಖಾದಿ ಬಾವುಟವನ್ನು ಮೊದಲ ಬಾರಿ ಬಿಡಿಸಿ ಹಿಡಿದಾಗಲೇ ವ್ಯತ್ಯಾಸ ತಿಳಿಯುತ್ತದೆ. ಇದರ ಬಟ್ಟೆಯನ್ನು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯುತ್ತಾರೆ. ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು ಬೆಂಗೇರಿಯಲ್ಲಿ. 1957ರಲ್ಲಿ ಆರಂಭವಾದ ಈ ಸಂಘಕ್ಕೆ ಧ್ವಜ ತಯಾರಿಕೆಗಾಗಿ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ದೊರೆತದ್ದು 2006ರಲ್ಲಿ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮೂರು ಪಟ್ಟಿಗಳ ಅಗಲವನ್ನು ಅಳತೆಪಟ್ಟಿ ಹಿಡಿದು ನೋಡಿದೆ, ಮೂರೂ ಸಮವಾಗಿದ್ದವು. ಕಡುನೀಲಿ ಚಕ್ರವು ಎರಡೂ ಬದಿಗಳಲ್ಲಿ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂತಿದೆ. ಹಗ್ಗ ಹಾಯುವ ಅಂಚಿಗೆ ಬೇರೆಯದೇ ಆದ, ಹೆಚ್ಚು ದಪ್ಪನೆಯ ಖಾದಿಯನ್ನು ಬಳಸಿ ಗಟ್ಟಿಯಾಗಿ ಹೊಲಿದಿರುವುದರಿಂದ ಗಾಳಿಯ ಎಳೆತವೆಲ್ಲ ಆ ಪಟ್ಟಿಯ ಮೇಲೆ ಬೀಳುತ್ತದೆಯೇ ಹೊರತು ಬಾವುಟದ ಮೈಮೇಲಲ್ಲ.

ಗಾತ್ರದ ಬಗ್ಗೆ ಒಂದು ಮಾತು. ಧ್ವಜಸಂಹಿತೆಯಲ್ಲಿ 6300×4200 ಮಿಲಿಮೀಟರಿನಿಂದ 150×100 ಮಿಲಿಮೀಟರಿನವರೆಗೆ ಒಂಬತ್ತು ಅಳತೆಗಳಿವೆ. ಅತಿ ಚಿಕ್ಕದು ಮೇಜಿನ ಮೇಲಿಡಲು, 225×150ರದ್ದು ಕಾರುಗಳಿಗೆ. ನಾವು ತಂದದ್ದು 1350×900ರದ್ದು; ನಮ್ಮ ಸ್ತಂಭಕ್ಕೆ ಅದು ಒಪ್ಪುತ್ತದೆ.

ಖಾದಿಗೆ ತನ್ನದೇ ಆದ ತೊಡಕುಗಳಿವೆ ಮತ್ತು ಅವನ್ನು ಮುಚ್ಚಿಡುವುದು ಸರಿಯಲ್ಲ. ಮಳೆಯಲ್ಲಿ ನೆನೆದ ಹತ್ತಿಬಟ್ಟೆ ಭಾರವಾಗಿ ಸ್ತಂಭಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಇಳಿಸಿ ನೆರಳಿನಲ್ಲಿ ಒಣಗಿಸದಿದ್ದರೆ ಮುಗ್ಗಲು ಹಿಡಿಯುತ್ತದೆ. ಬಿಸಿಲಿಗೆ ಕೇಸರಿ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ. ಬೆಲೆಯೂ ಪಾಲಿಯೆಸ್ಟರಿಗಿಂತ ಹೆಚ್ಚು. ನೂಲುವುದರಿಂದ ಹೊಲಿಯುವವರೆಗೆ ಇಷ್ಟೊಂದು ಕೈಗಳ ದುಡಿಮೆ ಇರುವಾಗ ಅದು ಸಹಜವೆಂದೇ ನನ್ನ ಭಾವನೆ. ಪಾಲಿಯೆಸ್ಟರ್ ಬಾವುಟವನ್ನು ಆಗಸ್ಟ್ 15ರಂದು ಏರಿಸಿ ವಾರಗಟ್ಟಲೆ ಮರೆತುಬಿಡಬಹುದು, ಮತ್ತು ನಾವು ಹಾಗೆಯೇ ಮಾಡಿದ್ದೆವು. ಖಾದಿ ಬಾವುಟ ಹಾಗೆ ಮರೆಯಲು ಬಿಡುವುದಿಲ್ಲ. ಇದನ್ನು ನಾನು ದೋಷವೆಂದು ಎಣಿಸದೆ ಗುಣವೆಂದು ಎಣಿಸುವುದಕ್ಕೆ ಕಾರಣವಿದೆ.

ಗೌರವದಿಂದ ರಾಷ್ಟ್ರಧ್ವಜವನ್ನು ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಹೇಳಿತು. ಅದೇ ಧ್ವಜವನ್ನು ಗೌರವಿಸುವುದನ್ನು ಸಂವಿಧಾನದ 51ಎ ವಿಧಿಯು ಮೂಲಭೂತ ಕರ್ತವ್ಯಗಳ ಸಾಲಿನಲ್ಲಿ ಇರಿಸಿದೆ. ಧರ್ಮ, ಭಾಷೆ, ಪ್ರದೇಶಗಳ ಭೇದ ಮೀರಿದ ಸಹೋದರಭಾವವೂ ಸಾರ್ವಜನಿಕ ಸ್ವತ್ತಿನ ರಕ್ಷಣೆಯೂ ಅದೇ ಸಾಲಿನಲ್ಲಿವೆ. ಇವೆಲ್ಲ ಕಾಗದದ ಮೇಲೆ ನನಗೆ ಮೊದಲೂ ತಿಳಿದಿದ್ದವು. ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ತಿಳಿದದ್ದು ಬಾವುಟವನ್ನು ನೋಡಿಕೊಳ್ಳಲು ಸರದಿ ಪಟ್ಟಿ ಮಾಡಿದ ಮೇಲೆ.

2022ರ ಜುಲೈ ತಿಂಗಳ ತಿದ್ದುಪಡಿಯ ಪ್ರಕಾರ ಹಗಲು ರಾತ್ರಿ ಎರಡೂ ಹೊತ್ತು ಬಾವುಟ ಹಾರಿಸಬಹುದಾದರೂ, ಬಟ್ಟೆಯ ಆಯುಷ್ಯಕ್ಕಾಗಿ ನಾವು ಸೂರ್ಯೋದಯಕ್ಕೆ ಏರಿಸಿ ಸೂರ್ಯಾಸ್ತಕ್ಕೆ ಇಳಿಸುವ ಹಳೆಯ ರೂಢಿಯನ್ನೇ ಉಳಿಸಿಕೊಂಡೆವು. ವಾರಕ್ಕೊಂದು ಮನೆಯ ಸರದಿ. ಕನ್ನಡ, ತುಳು, ಉರ್ದು, ತಮಿಳು, ಕೊಂಕಣಿ, ಹಿಂದಿ ಮಾತನಾಡುವ ಮನೆಗಳು ಪಟ್ಟಿಯಲ್ಲಿವೆ. ಒಬ್ಬರ ಹಬ್ಬದ ವಾರ ಬಂದರೆ ಇನ್ನೊಬ್ಬರು ಕೇಳದೆಯೇ ಸರದಿ ಬದಲಿಸಿಕೊಳ್ಳುತ್ತಾರೆ. ಬೆಳಿಗ್ಗೆ ಬಾವುಟ ಏರಿಸಲು ಬಂದವರು ಮೊದಲು ಸ್ತಂಭದ ಬುಡದಲ್ಲಿ ಬಿದ್ದ ಕಸವನ್ನು ತೆಗೆಯತೊಡಗಿದರು, ಏಕೆಂದರೆ ಕಸದ ನಡುವೆ ನಿಂತು ಧ್ವಜವಂದನೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆಮೇಲೆ ಎದುರಿನ ರಸ್ತೆಯ ಕೊಳವೆ ಸೋರುತ್ತಿರುವುದು, ಬೀದಿದೀಪ ಹಗಲಲ್ಲೂ ಉರಿಯುತ್ತಿರುವುದು ಅವರ ಕಣ್ಣಿಗೆ ಬಿದ್ದವು. ಈಗ ಸರದಿಯ ಪುಸ್ತಕದಲ್ಲಿ ಬಾವುಟ ಏರಿಸಿದ ಹೊತ್ತಿನ ಪಕ್ಕದಲ್ಲೇ ಪಾಲಿಕೆಗೆ ಕೊಟ್ಟ ದೂರಿನ ಸಂಖ್ಯೆಯನ್ನೂ ಬರೆಯುತ್ತಾರೆ. ಮತದಾರರ ಪಟ್ಟಿಯ ಪರಿಷ್ಕರಣೆ ಬಂದಾಗ ಹದಿನೆಂಟು ತುಂಬಿದ ಮಕ್ಕಳ ಹೆಸರು ಸೇರಿಸುವ ಕೆಲಸವನ್ನು ಹಂಚಿಕೊಂಡದ್ದೂ ಇದೇ ಪುಸ್ತಕದ ಆಧಾರದ ಮೇಲೆ. ಭಾಷಣಗಳಿಂದ ಆಗದ ಕೆಲಸವಿದು.

ಆದ್ದರಿಂದ ವರ್ಷಕ್ಕೆರಡು ದಿನ ಮಾತ್ರ ಬಾವುಟ ಹಾರಿಸುವವರಿಗೂ, ದಿನವೂ ಹಾರಿಸುವವರಿಗೂ ನಾನು ಖಾದಿಯನ್ನೇ ಸೂಚಿಸುತ್ತೇನೆ. ಎಲ್ಲಿ ಕೊಂಡರೂ ಚಕ್ರದ ಗೆರೆಗಳನ್ನು ಎಣಿಸಿರಿ, ಬಿಡಿಸಿ ಎರಡೂ ಬದಿ ನೋಡಿರಿ, ಅಳತೆ ಹಿಡಿಯಿರಿ. ದಿನವೂ ಹಾರಿಸುವುದಾದರೆ ಒಂದರ ಬದಲು ಎರಡನ್ನು ಕೊಳ್ಳುವುದು ಒಳ್ಳೆಯದು. ಒಂದು ಒಣಗುವಾಗ ಇನ್ನೊಂದು ಏರುತ್ತದೆ.

ನಮ್ಮ ಮೊದಲ ಖಾದಿ ಬಾವುಟದ ಹಾರುವ ತುದಿಯಲ್ಲಿ ಈಗ ಹೊಲಿಗೆ ಬಿಟ್ಟು ಎಳೆಗಳು ಹೊರಬಂದಿವೆ. ಹರಿದ ಬಾವುಟವನ್ನು ಹಾರಿಸಕೂಡದು. ಅದನ್ನು ಏಕಾಂತದಲ್ಲಿ, ಘನತೆಗೆ ಕುಂದು ಬರದಂತೆ ಪೂರ್ಣವಾಗಿ ದಹಿಸುವುದು ಸಂಹಿತೆ ಹೇಳುವ ಕ್ರಮ. ಹಾಗೆ ಮಾಡುವುದೆಂದು ಕಳೆದ ಭಾನುವಾರ ನಿರ್ಧರಿಸಿದೆವು. ಅಂದು ಸಂಜೆ ಅದನ್ನು ಕೊನೆಯ ಬಾರಿ ಇಳಿಸಿದಾಗ, ಹೊಸದಾಗಿ ಬಡಾವಣೆಗೆ ಬಂದ ದಂಪತಿಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಮಡಿಸುವ ಕ್ರಮವನ್ನು ತೋರಿಸಿಕೊಟ್ಟಳು: ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಬಿಳಿಯ ಎರಡು ತುದಿಗಳನ್ನು ಒಳಕ್ಕೆ ತಂದು, ಚಕ್ರ ಮೇಲೆ ಕಾಣುವಂತೆ ಅಂಗೈಗಳ ಮೇಲೆ ಇರಿಸಿದಳು. ಮುಂದಿನ ವಾರದ ಸರದಿ ಆ ದಂಪತಿಯದು.