ಆಕ್ರಾ ವಾಕಿಂಗ್ ಟೂರ್: ಚೆನ್ನಾಗಿದೆ, ಆದ್ರೆ ಅರ್ಧ ಕಥೆ

ಆಫೀಸ್ ಕೆಲ್ಸಕ್ಕೆ ಘಾನಾ ರಾಜಧಾನಿ ಆಕ್ರಾಗೆ ಹೋಗಿದ್ದೆ, ಭಾನುವಾರ ಫ್ರೀ ಇತ್ತಲ್ಲ ಅಂತ ಒಂದು ವಾಕಿಂಗ್ ಟೂರ್ ಬುಕ್ ಮಾಡ್ದೆ. ಮೊದ್ಲು ಕರ್ಕೊಂಡು ಹೋಗಿದ್ದೇ ಘಾನಾ ಸ್ವಾತಂತ್ರ್ಯ ಹೋರಾಟದ ನಾಯಕ ಕ್ವಾಮೆ ಎನ್‌ಕ್ರೂಮಾ ಸ್ಮಾರಕಕ್ಕೆ, ಅದು ಬ್ರಿಟಿಷರ ಕಾಲದಲ್ಲಿ ಪೋಲೋ ಗ್ರೌಂಡು, ಅಲ್ಲೇ ನಿಂತು 1957ರ ಮಾರ್ಚ್ 6ರ ಮಧ್ಯರಾತ್ರಿ ಆತ ಸ್ವಾತಂತ್ರ್ಯ ಘೋಷಿಸಿದ್ದು, ನಮ್ಮ 47ರ ಮಧ್ಯರಾತ್ರಿ ನೆನಪಾಗಿ ಮೈ ಜುಮ್ಮಂತು ನೋಡಿ. ಪಕ್ಕದಲ್ಲೇ ಆತನದೇ ಒಂದು ಹಳೇ ಮೂರ್ತಿ ಇದೆ, ತಲೇನೇ ಇಲ್ಲ! 1966ರಲ್ಲಿ ಸೈನ್ಯ ಅಧಿಕಾರ ಕಿತ್ಕೊಂಡಾಗ ಹೊಡೆದುರುಳಿಸಿದ್ದಂತೆ, ಈಗ ತಲೇನ ಬೇರೆ ಕಟ್ಟೆ ಮೇಲೆ ಇಟ್ಟಿದಾರೆ. ಸ್ವಾತಂತ್ರ್ಯ ಬಂದು ಒಂಬತ್ತೇ ವರ್ಷಕ್ಕೆ!! ಇದೊಂದಕ್ಕೇ ದುಡ್ಡು ವಸೂಲು.

ಬೇಜಾರಾಗಿದ್ದು ಏನಂದ್ರೆ ಗೈಡು ಟೋಗೋಲ್ಯಾಂಡ್ (ಈಗಿನ ಘಾನಾದ ಪೂರ್ವ ಭಾಗ, ಆಗ ಬ್ರಿಟಿಷರ ಕೈಲಿದ್ದ ಬೇರೆ ಪ್ರದೇಶ) ಬಗ್ಗೆ ಬಾಯೇ ಬಿಡ್ಲಿಲ್ಲ. 1956ರ ಮೇನಲ್ಲಿ ವಿಶ್ವಸಂಸ್ಥೆ ನಿಗಾದಲ್ಲಿ ಬ್ರಿಟಿಷ್ ಟೋಗೋಲ್ಯಾಂಡ್ ಜನ ಓಟ್ ಹಾಕಿದ್ರು, ಸುಮಾರು 58% ಗೋಲ್ಡ್ ಕೋಸ್ಟ್ (ಘಾನಾದ ಹಳೇ ಹೆಸರು) ಜೊತೆ ಸೇರೋಣ ಅಂದ್ರು, ಆದ್ರೆ ದಕ್ಷಿಣದ ಎವೆ ಸಮುದಾಯದ ಜನರಲ್ಲಿ ಬಹಳ ಮಂದಿ ಬೇಡ ಅಂದಿದ್ರು. ಸ್ವನಿರ್ಣಯ ಅಂದ್ರೆ ಯಾರ ನಿರ್ಣಯ ಅಂತ ಕೇಳ್ದೆ, ನಕ್ಕು ಮುಂದೆ ಹೋಗ್ಬಿಟ್ಟ. ಬ್ಲಾಕ್ ಸ್ಟಾರ್ ಗೇಟ್ ಹತ್ರ ಫೋಟೋಗೇ ಅರ್ಧ ಗಂಟೆ ಹೋಯ್ತು, ನೀರು ಕೂಡ ಕೊಡ್ಲಿಲ್ಲ, ಟೋಪಿ ಮರೀಬೇಡಿ, ಬಿಸಿಲು ರಾಯಚೂರು ಥರಾನೇ. 5ಕ್ಕೆ 3.5.