ಬೈಕಿಗೆ ಸ್ಪ್ರಾಕೆಟ್ ಬದಲಾಯಿಸಲು ಕೊಡುವವರು ಓದಿ: ಹಲ್ಲು ಎಣಿಸದೆ ದುಡ್ಡು ಕೊಡಬೇಡಿ

ಕ್ರೂಸರ್ ಬೈಕಿಗೆ ಮುಂದಿನ ಸ್ಪ್ರಾಕೆಟ್ (ಇಂಜಿನ್ ಕಡೆ ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲು ಜಾಸ್ತಿ ಇರುವುದನ್ನು ಹಾಕಿಸೋಣ ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ. ನನಗೆ 7,200 ರೂಪಾಯಿ ಪಂಗನಾಮ ಬಿದ್ದಿದೆ. ದುಡ್ಡು ಹೋಗಿದ್ದು ಒಂದು ಕಡೆ, ಆಮೇಲೆ ಅಂಗಡಿಯವರು ಕೊಟ್ಟ ಉತ್ತರಗಳಿವೆಯಲ್ಲ, ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಅಂಗಡಿ ಹೆಸರು ಹಾಕುತ್ತಿಲ್ಲ. ಬೆಂಗಳೂರಲ್ಲಿ ಮಾಡಿಫಿಕೇಶನ್ ಅಂತ ದೊಡ್ಡ ಬೋರ್ಡ್ ಹಾಕಿಕೊಂಡು, ದಿನಾ ರೀಲ್ಸ್ ಬಿಡುವ ಅಂಗಡಿ ಅಂತಷ್ಟೇ ತಿಳಿದುಕೊಳ್ಳಿ.

ನನ್ನದು ಹಳೇ ಅವೆಂಜರ್ 220. ಓಡಿಸಿದವರಿಗೆ ಗೊತ್ತು, ಐದೇ ಗೇರು. ಹೈವೇಯಲ್ಲಿ 90ರ ಹತ್ತಿರ ಬಂದರೆ ಸಾಕು, ಎಡಗಾಲು ತಾನಾಗಿಯೇ ಇಲ್ಲದ ಆರನೇ ಗೇರ್ ಹುಡುಕುತ್ತೆ. ಫುಟ್‌ರೆಸ್ಟ್ ಜುಮ್ ಅನ್ನುತ್ತೆ. ನಮ್ಮೂರು ಸಕಲೇಶಪುರದ ಕಡೆ, ನೆಲಮಂಗಲ ಬಿಟ್ಟ ಮೇಲೆ ಹಾಸನದವರೆಗೆ ರಸ್ತೆ ಚೆನ್ನಾಗಿದೆ, ಅಷ್ಟು ದೂರ ಇಂಜಿನ್ ಅರಚಿಸಿಕೊಂಡು ಹೋಗುವುದು ಬೇಜಾರು. ಮುಂದಿನ ಸ್ಪ್ರಾಕೆಟ್ 14 ಹಲ್ಲಿನದು ತೆಗೆದು 15ರದು ಹಾಕಿದರೆ ಅದೇ ಸ್ಪೀಡಿಗೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 7 ಪರ್ಸೆಂಟ್ ಇಳಿಯುತ್ತೆ. ಇದು ಮಾಯ ಮಂತ್ರ ಅಲ್ಲ, ಬರೀ ಭಾಗಾಕಾರ. ಆದರೆ ನನ್ನ ಗಾಡಿಯಲ್ಲಿ ಆರ್‌ಪಿಎಂ ಮೀಟರೇ ಇಲ್ಲ. ಇಳಿದಿದೆಯೋ ಇಲ್ಲವೋ ನೋಡಿ ಹೇಳೋಕೆ ಆಗಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಅವರ ಆಟ ಇರೋದೇ ಇಲ್ಲಿ.

ಅಂಗಡಿಯಲ್ಲಿ ಎಂಥ ಮರ್ಯಾದೆ ಅಂತೀರಿ. ಕಾಫಿ ಬಂತು. "ಸರ್, ಅವೆಂಜರ್‌ಗೆ ನಾವು ದಿನಾ ಮಾಡ್ತೀವಿ, 15 ಹಲ್ಲಿಂದು ಸ್ಪೆಷಲ್ ತರಿಸ್ತೀವಿ, ಹಿಂದಿಂದೂ ಹೊಸದು, ಓ ರಿಂಗ್ ಇರೋ ಗೋಲ್ಡ್ ಚೈನು, ಮೈಲೇಜೂ ಬರುತ್ತೆ, ಟಾಪ್ ಸ್ಪೀಡೂ ಬರುತ್ತೆ." ಕೆಲಸ ಮಾಡುವಾಗ ಪಕ್ಕದಲ್ಲಿ ನಿಲ್ಲುತ್ತೇನೆ ಅಂದೆ. "ಒಳಗೆ ಕಸ್ಟಮರ್ಸ್‌ನ ಬಿಡಲ್ಲ ಸರ್, ಇನ್ಶೂರೆನ್ಸ್ ಪ್ರಾಬ್ಲಮ್ ಆಗುತ್ತೆ, ಸಂಜೆ ಬನ್ನಿ." ಸಂಜೆ ಹೋದೆ. ಗಾಡಿ ತೊಳೆದು ಪಳಪಳ ಅನ್ನಿಸಿಟ್ಟಿದ್ದರು. ಹಳೇ ಪಾರ್ಟ್ಸ್ ಎಲ್ಲಿ ಅಂದರೆ, "ಅಯ್ಯೋ, ಸ್ಕ್ರ್ಯಾಪ್‌ನವನು ಈಗ ತಾನೇ ತಗೊಂಡು ಹೋದ ಸರ್." ಬಿಲ್ಲಲ್ಲಿ ಕೈಬರಹದಲ್ಲಿ 'ಚೈನ್ ಸ್ಪ್ರಾಕೆಟ್ ಸೆಟ್, 1' ಅಂತ ಬರೆದು ಕೊಟ್ಟರು.

ಇನ್ನೊಂದು ವಿಷಯ, ಹೇಳೋಕೆ ನಾಚಿಕೆ ಆಗುತ್ತೆ. ಒಂದು ರೌಂಡ್ ಹೋಗಿ ಬಂದ ಕೂಡಲೇ ಹುಡುಗನೊಬ್ಬ ಮೊಬೈಲ್ ಹಿಡಿದು "ಹೆಂಗಿದೆ ಸರ್, ಸ್ಮೂತ್ ಅಲ್ವಾ?" ಅಂದ. ಹೊಸ ಚೈನ್ ಹಾಕಿ ಚೆನ್ನಾಗಿ ಲ್ಯೂಬ್ ಹೊಡೆದರೆ ಯಾವ ಗಾಡಿಯಾದರೂ ಸ್ಮೂತೇ. ನಾನು ಹೆಬ್ಬೆರಳು ಎತ್ತಿ "ಸೂಪರ್, ಬೇರೆ ಗಾಡೀನೇ ಆಗಿದೆ" ಅಂದೆ. ಆ ರೀಲ್ ಇನ್ನೂ ಹಾಗೇ ಇದೆ. ನನ್ನ ಮುಖ ನೋಡಿಕೊಂಡು ಇನ್ನಷ್ಟು ಜನ ಅಲ್ಲಿಗೆ ಹೋಗುತ್ತಿದ್ದಾರಲ್ಲ, ಅದೇ ಸಂಕಟ.

ಮುಂದೆ ಊರಿಗೆ ಹೊರಟಾಗ ಕುಣಿಗಲ್ ದಾಟಿದ ಮೇಲೆ 90 ಹಿಡಿದೆ. ಅದೇ ಜುಮ್. ಅದೇ ಅರಚಾಟ. ಯಡಿಯೂರಲ್ಲಿ ನಿಲ್ಲಿಸಿ ಫೋನ್ ಮಾಡಿದರೆ, "500 ಕಿಲೋಮೀಟರ್ ಓಡಲಿ ಸರ್, ಸೆಟ್ ಆಗುತ್ತೆ." ಏನು ಸೆಟ್ ಆಗುತ್ತೆ? ಓಡಿದಷ್ಟೂ ಹಲ್ಲು ಸವೆಯುತ್ತೆ, ಹೊಸ ಹಲ್ಲು ಹುಟ್ಟುತ್ತಾ? ಹಿರೀಸಾವೆ ಬಿಟ್ಟ ಮೇಲೆ ಎಡಗಡೆ ಕವರ್ ಒಳಗಿಂದ ಕಟಕಟ ಅಂತ ಶುರುವಾಯಿತು. ಚನ್ನರಾಯಪಟ್ಟಣದ ಹತ್ತಿರ ರಸ್ತೆ ಪಕ್ಕದ ಸಣ್ಣ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ವಯಸ್ಸಾದ ಮೆಕ್ಯಾನಿಕ್, ಜಾಸ್ತಿ ಮಾತಿಲ್ಲ. ಕವರ್ ಬಿಚ್ಚಿ, ಪೆಟ್ರೋಲಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸ್ ಒರೆಸಿ, ಒಂದು ಹಲ್ಲಿಗೆ ಚಾಕ್‌ಪೀಸಲ್ಲಿ ಗುರುತು ಹಾಕಿ, ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಒಂದೊಂದೇ ಹಲ್ಲು ಮುಟ್ಟಿ ಎಣಿಸಿದರು. ಹದಿನಾಲ್ಕಕ್ಕೆ ಚಾಕ್ ಗುರುತು ವಾಪಸ್ ಬಂತು.

ನಾನು ಇನ್ನೊಂದು ಸಲ ಎಣಿಸಿ ಅಂದೆ. ಅವರು ನನ್ನ ಕೈಗೇ ಚಾಕ್ ಕೊಟ್ಟರು. ಹದಿನಾಲ್ಕೇ.

"ಯಾರ್ ಸಾ ಇದನ್ನ ಹೊಸ್ದು ಅಂದಿದ್ದು? ಹಲ್ಲು ನೋಡಿ, ಎಲ್ಲಾ ಒಂದೇ ಕಡೀಕ್ ವಾಲ್ಕೊಂಡವೆ." ನಿಜ, ಒಂದೊಂದು ಹಲ್ಲೂ ಕೊಕ್ಕೆ ಥರ ಬಾಗಿತ್ತು. ನನ್ನದೇ ಹಳೇ ಸ್ಪ್ರಾಕೆಟ್! ಬಿಚ್ಚೇ ಇಲ್ಲ. ಬಿಚ್ಚೇ ಇಲ್ಲ ಅಂದರೆ ಅದೂ ಸುಳ್ಳು, ಬಿಚ್ಚೋಕೆ ಹೋಗಿ ಬಿಟ್ಟಿರಬೇಕು, ಯಾಕಂದರೆ ಸ್ಪ್ರಾಕೆಟ್ ಜಾರದಂತೆ ಹಿಡಿಯುವ ಲಾಕ್ ಪ್ಲೇಟಿನ ಎರಡು ಬೋಲ್ಟಲ್ಲಿ ಒಂದು ಮಾಯ. ಇನ್ನೊಂದು ಸಡಿಲ. ಅದೂ ಬಿದ್ದು, ಹೈವೇಯಲ್ಲಿ ಸ್ಪ್ರಾಕೆಟ್ ಜಾರಿ ಚೈನ್ ಕಳಚಿಕೊಂಡಿದ್ದರೆ? ಹಿಂದೆ ಹೆಂಡತಿ ಕೂತಿದ್ದಳು. ಗೋಲ್ಡ್ ಚೈನ್ ಕಥೆ ಕೇಳಿ. ಓ ರಿಂಗ್ ಚೈನ್ ಆದರೆ ಪ್ಲೇಟುಗಳ ಮಧ್ಯೆ ಸಣ್ಣ ಕಪ್ಪು ರಬ್ಬರ್ ಉಂಗುರ ಕಾಣಬೇಕು. ಇದರಲ್ಲಿ ಒಂದೂ ಇಲ್ಲ. ಉಗುರಲ್ಲಿ ಕೆರೆದರೆ ಬಂಗಾರದ ಬಣ್ಣ ಉಗುರಿಗೇ ಬಂತು. ಹಿಂದಿನ ಸ್ಪ್ರಾಕೆಟ್ ಮಾತ್ರ ಹೊಸದು, ಅದು ಕಣ್ಣಿಗೆ ಕಾಣುತ್ತಲ್ಲ, ಅದಕ್ಕೆ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಓಡಿಸಿದರೆ ಆ ಚೈನೂ ಬೇಗ ಹಾಳು, ಅದು ಬೇರೆ ಲಾಸು.

ಆ ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದರು, ಕಾಫಿ ಕೊಟ್ಟು ಕೂರಿಸಿದವರು ಬಾಯಿಬಿಡದ ಮಾತು. "ಒಂದ್ ಹಲ್ಲು ಜಾಸ್ತಿ ಹಾಕುದ್ರೆ ಹೈವೇಗ್ ಸರಿ ಸಾ. ಬಿಸ್ಲೆ ಘಾಟ್‌ಗೆ ಇಬ್ರು ಕೂತ್ಕಂಡು ಹೋದ್ರೆ ಫಸ್ಟ್ ಗೇರಲ್ಲೂ ಕ್ಲಚ್ ಹಿಡ್ದು ಹಿಡ್ದು ಬಿಡ್ಬೇಕಾಯ್ತದೆ, ಪ್ಲೇಟ್ ಸುಟ್ಟೋಯ್ತವೆ." ಪಿಕಪ್ ಕಮ್ಮಿ ಆಗುತ್ತೆ, ಘಾಟಲ್ಲಿ, ಸಿಟಿ ಟ್ರಾಫಿಕ್ಕಲ್ಲಿ ಕ್ಲಚ್ ಮೇಲೆ ಭಾರ ಬೀಳುತ್ತೆ. ದಿನಾ ಇದೇ ಕೆಲಸ ಮಾಡುತ್ತೇವೆ ಅನ್ನುವವರಿಗೆ ಇದು ಗೊತ್ತಿರಲ್ವಾ? ಆ ಮೆಕ್ಯಾನಿಕ್ ಬೋಲ್ಟ್ ಹಾಕಿ ಬಿಗಿ ಮಾಡಿ ಕೊಟ್ಟು ಕೇಳಿದ್ದು 150 ರೂಪಾಯಿ.

ಚಾಕ್ ಗುರುತಿನ ವಿಡಿಯೋ ಕಳಿಸಿದೆ. ಈಗ ಅಂಗಡಿಯವರ ಉತ್ತರಗಳು, ಬಂದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು, "ಸರ್, ನಿಮಗೆ ಎಣಿಸೋಕೆ ಬಂದಿಲ್ಲ."

ಆಮೇಲೆ, "ಆ ಹಳ್ಳಿ ಮೆಕ್ಯಾನಿಕ್ಕೇ ನಮ್ಮ 15ರದ್ದು ಬಿಚ್ಕೊಂಡು ಹಳೇದು ಹಾಕಿರ್ತಾನೆ, ಅವನನ್ನ ಕೇಳಿ." ನನ್ನ ಕಣ್ಣೆದುರಿಗೇ ಕವರ್ ಬಿಚ್ಚಿದವರ ಮೇಲೆ ಕಳ್ಳತನ! ಇದಕ್ಕೆ ನನಗೆ ಬಂದ ಸಿಟ್ಟು ದುಡ್ಡು ಹೋಗಿದ್ದಕ್ಕೂ ಬಂದಿರಲಿಲ್ಲ.

ನಾನು ಬಿಡಲಿಲ್ಲ. ಆಗ ಓನರ್ ವಾಯ್ಸ್ ಮೆಸೇಜ್: "ಆಕ್ಚುಲಿ ಸರ್, 15 ನಿಮ್ಮ ಗಾಡಿಗೆ ಸೆಟ್ ಆಗ್ಲಿಲ್ಲ, ಕವರ್ ತಾಗ್ತಿತ್ತು. ನಿಮ್ಮ ಸೇಫ್ಟಿಗೋಸ್ಕರ ಸ್ಟ್ಯಾಂಡರ್ಡೇ ಬಿಟ್ವಿ." ಅಲ್ಲ ಸ್ವಾಮಿ, ಎಣಿಸೋಕೆ ಬಂದಿಲ್ಲ ಅಂದ್ರಿ, ಕದ್ದಿದ್ದಾರೆ ಅಂದ್ರಿ, ಈಗ ಹಾಕೇ ಇಲ್ಲ ಅಂತೀರಿ. ಹಾಕದ ಪಾರ್ಟಿಗೆ ದುಡ್ಡು ಯಾಕೆ ತಗೊಂಡ್ರಿ? ಸೇಫ್ಟಿ ನೋಡಿದವರು ಬೋಲ್ಟ್ ಯಾಕೆ ನುಂಗಿದ್ರಿ? ಇದಕ್ಕೆ ಉತ್ತರ: "ಮುಂದಿನ ಸರ್ವೀಸಲ್ಲಿ ಅಡ್ಜಸ್ಟ್ ಮಾಡ್ಕೊಡೋಣ ಬಿಡಿ ಸರ್." ಅಲ್ಲಿಂದ ಈಚೆಗೆ ಬರೀ ಬ್ಲೂ ಟಿಕ್. ಫೋನ್ ಮಾಡಿದರೆ ಓನರ್ ಊರಲ್ಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಕೇಳಿದರು. ಬಿಲ್ಲಲ್ಲಿ ಹಲ್ಲಿನ ಲೆಕ್ಕ ಇಲ್ಲ, ಚೈನ್ ಕಂಪನಿ ಹೆಸರಿಲ್ಲ. ಆ ವಾಯ್ಸ್ ಮೆಸೇಜ್ ಉಳಿಸಿಕೊಂಡಿದ್ದೇ ಈಗ ಆಧಾರ.

ಹಾಕಿಸಲೇಬೇಕು ಅನ್ನುವವರು ಬಿಲ್ಲಲ್ಲಿ ಹಲ್ಲೆಷ್ಟು, ಯಾವ ಚೈನು ಅಂತ ಬರೆಸಿಕೊಳ್ಳಿ. ಸ್ಪ್ರಾಕೆಟ್ ಫಿಟ್ ಮಾಡುವ ಮೊದಲು ಕೈಯಲ್ಲಿ ಹಿಡಿದು ಎಣಿಸಿ, ಎಷ್ಟೋ ಸ್ಪ್ರಾಕೆಟ್‌ಗಳ ಮೇಲೆ ಹಲ್ಲಿನ ಸಂಖ್ಯೆ ಕೊರೆದೇ ಇರುತ್ತೆ. ಹಳೇದನ್ನು ಡಿಕ್ಕಿಯಲ್ಲೋ ಚೀಲದಲ್ಲೋ ಹಾಕಿಕೊಂಡು ಮನೆಗೆ ತನ್ನಿ. ಒಳಗೆ ಬಿಡಲ್ಲ ಅಂದರೆ ಕೀ ತಗೊಂಡು ಹೊರಡಿ, ಕಾಫಿ ಹೊರಗೆ ಕುಡಿಯಿರಿ. ರೀಲ್‌ಗಂತೂ ಹೆಬ್ಬೆರಳು ಎತ್ತಬೇಡಿ.

ಅವೆಂಜರ್ 220ಗೆ ಲೇತ್ ಕೆಲಸ ಇಲ್ಲದೆ ನೇರ ಕೂರುವ 15 ಹಲ್ಲಿನ ಮುಂದಿನ ಸ್ಪ್ರಾಕೆಟ್ ನಿಜವಾಗಿ ಹಾಕಿಸಿಕೊಂಡವರು ಯಾರಾದರೂ ಇದ್ದರೆ ಎಲ್ಲಿ ಸಿಕ್ಕಿತು ಅಂತ ಹೇಳಿ. ತಗೊಂಡು ಚನ್ನರಾಯಪಟ್ಟಣಕ್ಕೇ ಹೋಗುತ್ತೇನೆ.